ತಕ್ಕಡಿ ಪಾಂಗಣ್ಣ

ಪಾಂಗಣ್ಣ ಯಾವ ವಸ್ತುವನ್ನೂ ಸುಮ್ಮನೆ ಕೈಗೆ ತೆಗೆದುಕೊಂಡವರಲ್ಲ. ಕಿತ್ತಳೆ ಕೊಟ್ಟರೆ ಕಿತ್ತಳೆಯನ್ನು, ಪುಸ್ತಕ ಕೊಟ್ಟರೆ ಪುಸ್ತಕವನ್ನು, ಮದುವೆಮನೆಯಲ್ಲಿ ಕೆಂಪು ಕಾಗದ ಸುತ್ತಿದ ಮಿಠಾಯಿ ಕೊಟ್ಟರೆ ಅದನ್ನೂ ಮೊದಲು ಬಲ ಅಂಗೈಯಲ್ಲಿಟ್ಟುಕೊಂಡು, ಕಣ್ಣನ್ನು ಅರೆಮುಚ್ಚಿ, ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಕುಣಿಸಿ, ಆಮೇಲಷ್ಟೇ ಕೊಟ್ಟವರ ಮುಖವನ್ನು ನೋಡುತ್ತಿದ್ದರು. ಪಕ್ಕದ ಮನೆಯಲ್ಲಿ ಮಗುವಿಗೆ ತಿಂಗಳು ತುಂಬಿದ ಊಟದ ದಿನ ಅಜ್ಜಿ ಮೊಮ್ಮಗಳನ್ನು ತಂದು ಅವರ ತೋಳಿಗಿತ್ತಾಗಲೂ ಆ ಅಂಗೈ ತನ್ನಷ್ಟಕ್ಕೆ ತಾನೇ ಒಮ್ಮೆ ಏರಿ ಇಳಿಯಿತು.

"ಏನ್ ಪಾಂಗಣ್ಣ, ನನ್ ಮೊಮ್ಮಗಳನ್ನೂ ತೂಗ್ತಿದೀರಾ? ಆಸ್ಪತ್ರೆಯೋರೇ ಹೇಳಿದಾರೆ, ಒಂಬತ್ತು ಜಿನ್ ತೂಕ ಇದಾಳೆ ಅಂತ" ಎಂದು ಅಜ್ಜಿ ನಕ್ಕಳು.

"ಇರಬಹುದು" ಎಂದರು ಪಾಂಗಣ್ಣ. "ಚೀಟಿ ಎಲ್ಲಿದೆ?"

ಈ 'ಇರಬಹುದು, ಎಲ್ಲಿದೆ' ಎನ್ನುವುದು ಅವರ ಬಾಯಿಯ ತಾಂಬೂಲದಂತಿತ್ತು. ಲುಶಿ ಊರಿನ ಮೀನುಪೇಟೆಯಲ್ಲಿ, ಒತ್ತುಶಾವಿಗೆಯ ಅಂಗಡಿಗಳಲ್ಲಿ, ಹೊಳೆಯ ದಂಡೆಯ ಇಸ್ಪೀಟು ಕಟ್ಟೆಗಳಲ್ಲಿ ಯಾರಾದರೂ ಸ್ವಲ್ಪ ಬಡಾಯಿ ಕೊಚ್ಚಿದರೆ, ಪಕ್ಕದವರು ಪಾಂಗಣ್ಣನ ಗಂಟಲನ್ನು ಅನುಕರಿಸಿ, ಮೂಗಿನಿಂದ, "ಇರಬಹುದು... ಎಲ್ಲಿದೆ?" ಎಂದು ಎಳೆಯುತ್ತಿದ್ದರು. ಅವರ ನಿಜವಾದ ಹೆಸರು ಪಾಂಗ್ ರುಯಿಲಿನ್. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ತರುಣರಾಗಿ ಸೇರಿ, ಅಲ್ಲೇ ಕೂದಲು ನರೆತು, ಅಲ್ಲಿಂದಲೇ ನಿವೃತ್ತರಾದವರು. ಹಾಗಾಗಿ ಊರಿಗೆಲ್ಲ ತಕ್ಕಡಿ ಪಾಂಗಣ್ಣ.

ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದ ವರ್ಷಗಳಲ್ಲಿ ಅವರು ನಡೆಯುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಒಂದು ಹೆಜ್ಜೆಗೆ ಎಡಭುಜ ತಗ್ಗುವುದು, ಮತ್ತೊಂದಕ್ಕೆ ಬಲಭುಜ. ಎರಡು ತಟ್ಟೆಗಳ ನಡುವೆ ಮುಳ್ಳು ತನ್ನ ನೆಲೆಯನ್ನು ಹುಡುಕುತ್ತಿರುವಂತೆ ಅವರು ಓಣಿಯ ಉದ್ದಕ್ಕೂ ತೊನೆಯುತ್ತ ಸಾಗುವರು. ಮೈಮೇಲೆ ಇಲಾಖೆಯ ನೀಲಿ ಕೋಟು. ಎದೆಯ ಬಿಲ್ಲೆಯನ್ನು ನಿವೃತ್ತಿಯ ದಿನ ಬಿಚ್ಚಿ ಕೊಟ್ಟಿದ್ದರು. ಆದರೆ ಬಿಲ್ಲೆಯಿದ್ದ ಜಾಗದಲ್ಲಿ ಬಟ್ಟೆ ಬಿಸಿಲು ಕಾಣದೆ ಗಾಢ ನೀಲಿಯಾಗಿಯೇ ಉಳಿದಿತ್ತು, ಅಧಿಕಾರ ಹೋದರೂ ಅದರ ನೆರಳು ಹೋಗಿರಲಿಲ್ಲ. ಬಲಜೇಬಿನಲ್ಲಿ ಒಂದು ಸಣ್ಣ ಕೊಕ್ಕೆಯ ತಕ್ಕಡಿ. ಪೇಟೆಗೆ ಅವರು ಕಾಲಿಟ್ಟರೆಂದರೆ ಕಮಲದ ದಂಟು ಮಾರುವವಳು ತಾನಾಗಿಯೇ ಇನ್ನೊಂದು ದಂಟನ್ನು ಮೇಲೆ ಹಾಕಿ, "ತಗೊಳಿ, ಅದನ್ನ ಹೊರಗೆ ತೆಗೀಬೇಡಿ, ಬೋಣಿ ಹೊತ್ತು" ಎಂದು ಕೈಮುಗಿಯುವಳು. ಪಾಂಗಣ್ಣ ಆ ಹೆಚ್ಚಿನ ದಂಟನ್ನು ತೆಗೆದು ವಾಪಸು ಇಡುವರು. ಕಡಿಮೆಯನ್ನು ಮಾತ್ರವಲ್ಲ, ಹೆಚ್ಚನ್ನೂ ಅವರು ಅನುಮಾನಿಸುತ್ತಿದ್ದರು. ಎರಡನೆಯದನ್ನು ತುಸು ಹೆಚ್ಚೇ.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಏನು ಮಾಡಬೇಕು? ಅವರ ಹೆಂಡತಿ ಸುಫೆನ್ ಅತ್ತೆ ಪಂಜರದ ಹಕ್ಕಿ ತಂದುಕೊಟ್ಟಳು, ಗಾಳದ ಕೋಲು ತಂದುಕೊಟ್ಟಳು. ಹಕ್ಕಿಯನ್ನು ಮಾರಿದವನು ಹೇಳಿದ ತಳಿ ಅದಲ್ಲವೆಂದು ಪಾಂಗಣ್ಣ ಅದನ್ನು ಹಿಂದಿರುಗಿಸಿ ಬಂದರು. ಕೊನೆಗೆ ಅವರಿಗೆ ದಕ್ಕಿದ್ದು ಕೋಶ.

ಕೋಶವೆಂದರೆ ಅಂತರ್ಜಾಲದ ಆ ದೊಡ್ಡ ವಿಶ್ವಕೋಶ. ಬರೆಯುವವರೂ ತಿದ್ದುವವರೂ ನಮ್ಮ ನಿಮ್ಮಂಥ ಜನ. ಪುಟದ ಬದಿಗೆ ಜಾಹೀರಾತು ಹಾಕಿ ದುಡ್ಡು ಎಣಿಸಿಕೊಳ್ಳುವುದು ಮಾತ್ರ ಕಂಪನಿ. ಒಂದು ಮಧ್ಯಾಹ್ನ ಪಾಂಗಣ್ಣ ಅದರಲ್ಲಿ ಲುಶಿ ಎಂದು ಹುಡುಕಿದರು. ಊರಿನ ಹಳೆಯ ಸೇತುವೆಗೆ ಐದು ಕಮಾನುಗಳಿವೆ ಎಂದಿತ್ತು. ಹುಟ್ಟಿದಾಗಿನಿಂದ ಮೂರೇ ಕಮಾನುಗಳನ್ನು ನೋಡಿದ್ದ ಅವರು, ತಮ್ಮ ಕಣ್ಣನ್ನೂ ನಂಬದೆ ಹೊಳೆಗೆ ಇಳಿದು ಹೋಗಿ ಮತ್ತೆ ಎಣಿಸಿ ಬಂದು, ಐದನ್ನು ಅಳಿಸಿ ಮೂರು ಎಂದು ತಿದ್ದಿದರು. ಕಂಪನಿಯ ಪರಿಶೀಲಕರು ಆ ತಿದ್ದುಪಡಿಯನ್ನು ತಳ್ಳಿಹಾಕಿದರು: ಆಧಾರ ಕೊಟ್ಟಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿಗೇಳುತ್ತಿದ್ದರು. ಪಾಂಗಣ್ಣನ ಮುಖ ಬೆಳಗಿತು. "ನೋಡಿದೆಯೇನೇ? ನಾನು ಹೇಳಿದ್ರೂ ನಂಬಲ್ಲ ಅಂತಾರೆ! ಇದು ನಿಯತ್ತಿನ ಜಾಗ" ಎಂದು ಅಡುಗೆಮನೆಯವರೆಗೂ ಹೋಗಿ ಹೆಂಡತಿಗೆ ಹೇಳಿದರು. ಗ್ರಂಥಾಲಯಕ್ಕೆ ನಡೆದು, ತಾಲ್ಲೂಕಿನ ಹಳೆಯ ಗ್ಯಾಸೆಟಿಯರಿನ ಪುಟವನ್ನು ಹುಡುಕಿ, ಅದನ್ನು ಆಧಾರವಾಗಿ ಕೊಟ್ಟರು. ಸೇತುವೆಗೆ ಅಂದಿನಿಂದ ಮೂರು ಕಮಾನು. ಕಣ್ಣಿಗೆ ಕಂಡ ಮೂರು ಸುಳ್ಳಾಗಬಹುದು, ಅಚ್ಚಾದ ಮೂರು ಮಾತ್ರ ನಿಜ ಎಂಬ ಈ ಧರ್ಮಕ್ಕೆ ಅವರು ಆ ದಿನವೇ ದೀಕ್ಷೆ ಪಡೆದರು.

ಕೋಶದಲ್ಲಿ ಅವರು ಇಟ್ಟುಕೊಂಡ ಹೆಸರು 'ಹದಿನಾರು ಚುಕ್ಕಿ'. ಹಿಂದಿನ ಕಾಲದ ತಕ್ಕಡಿಕೋಲಿನ ಮೇಲೆ ಅರ್ಧ ಕೆಜಿಯಷ್ಟಿರುವ ಒಂದು ಜಿನ್‌ಗೆ ಹದಿನಾರು ಚುಕ್ಕಿಗಳಿರುತ್ತಿದ್ದವು. ಒಂದು ಚುಕ್ಕಿ ಕದ್ದವನಿಗೆ ಭಾಗ್ಯ ಹೋಗುತ್ತದೆ, ಎರಡು ಕದ್ದವನಿಗೆ ಪದವಿ, ಮೂರು ಕದ್ದವನಿಗೆ ಆಯುಸ್ಸು ಎಂದು ನಮ್ಮ ಕಡೆ ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಆ ಹೆಸರಿನ ಹಿಂದೆ ಕುಳಿತು ಪಾಂಗಣ್ಣ ಊರಿನ ಭಾಗ್ಯ, ಪದವಿ, ಆಯುಸ್ಸುಗಳನ್ನೆಲ್ಲ ಚುಕ್ಕಿ ಚುಕ್ಕಿಯಾಗಿ ಪರೀಕ್ಷಿಸತೊಡಗಿದರು. ಒತ್ತುಶಾವಿಗೆಯ ಅಂಗಡಿ ಮುನ್ನೂರು ವರ್ಷ ಹಳೆಯದೆಂಬ ವಾಕ್ಯ ಒಂದು ಬೆಳಿಗ್ಗೆ ಮಾಯವಾಯಿತು. ಅಂಗಡಿಯವನು ಅವರ ಬಟ್ಟಲಿಗೆ ಮೆಣಸಿನೆಣ್ಣೆ ಹಾಕುವುದನ್ನು ನಿಲ್ಲಿಸಿದ.

"ಎಣ್ಣೆ ಎಲ್ಲಿ?" ಎಂದರೆ, "ಹಾಕಿದೀನಿ ಪಾಂಗಣ್ಣ. ಆಧಾರ ಇಲ್ಲ ಅಷ್ಟೆ" ಎಂದ.

ತಿದ್ದುಪಡಿಗಳಿಗೆ ಕಂಪನಿ ಅಂಕ ಕೊಡುತ್ತಿತ್ತು. ಅಂಕಗಳು ಕೂಡಿದಾಗ ಉಡುಗೊರೆ. ಒಮ್ಮೆ ಕಂಪನಿಯ ಮುದ್ರೆಯಿದ್ದ ಛತ್ರಿ ಅಂಚೆಯಲ್ಲಿ ಬಂತು. ಪಾಂಗಣ್ಣ ಅದನ್ನು ಅಂಗೈಯಲ್ಲಿ ತೂಗಿ, "ಪುಕ್ಕಟೆ ಛತ್ರಿ ಕೊಡೋನು ಎಲ್ಲೋ ಒಂದ್ಕಡೆ ಮಳೆ ಮಾರ್ತಿರ್ತಾನೆ" ಎಂದು ಬಾಗಿಲ ಹಿಂದೆ ನಿಲ್ಲಿಸಿದರು. ಯಕೃತ್ತಿನ ರೋಗದ ಪುಟ ತೆರೆದರೆ ಬದಿಯಲ್ಲಿ ಯಕೃತ್ತಿನ ಮಾತ್ರೆಯ ಜಾಹೀರಾತು ಕುಣಿಯುವುದನ್ನು ಅವರು ಕಂಡಿದ್ದರು. ಜನರ ಪುಟಗಳಲ್ಲಿ ಅರ್ಧಕ್ಕರ್ಧ ಹಣ ಕೊಟ್ಟು ಬರೆಸಿದ್ದೆಂಬುದೂ ಅವರ ಗುಮಾನಿ. ಅದರಲ್ಲೂ 'ಒಂಟಿ ಕೊಕ್ಕರೆ' ಎಂಬ ಹೆಸರಿನವನೊಬ್ಬ, ದೂರದ ಈಶಾನ್ಯದ ಯಾವುದೋ ಊರಿನವನು, ಪಾಂಗಣ್ಣ ತಿದ್ದಿದ ಪುಟಕ್ಕೆಲ್ಲ ಬಂದು ಕೊಕ್ಕು ಹಾಕುತ್ತಿದ್ದ. ಇವರು ಒಂದು ಆಧಾರ ಕೊಟ್ಟರೆ ಅವನು ಎರಡನೆಯದು ಕೇಳುವನು. "ದುಡ್ಡು ತಗೊಂಡೋನು. ಇಲ್ದೇ ಇದ್ರೆ ಇಷ್ಟು ಶ್ರದ್ಧೆ ಯಾರಿಗಿರುತ್ತೆ?" ಎಂದು ಪಾಂಗಣ್ಣ ಹಲ್ಲು ಕಡಿಯುತ್ತಿದ್ದರು. ತಮ್ಮ ಶ್ರದ್ಧೆಗೂ ಇದೇ ಪ್ರಶ್ನೆ ಹಾಕಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಸುಫೆನ್ ಅತ್ತೆಗೆ ಹೊಳೆದಿತ್ತು.

"ಅಲ್ಲಾ, ನಾನು ನಿಮ್ಮ ಹೆಂಡ್ತಿ ಅನ್ನೋದಕ್ಕಾದ್ರೂ ಆಧಾರ ಇದೆಯಾ?" ಎಂದು ಅವಳು ಕೇಳುವಳು.

"ಇದೆ. ಮದುವೆ ನೋಂದಣಿಯ ಕೆಂಪು ಪುಸ್ತಕ, ಮೇಲಿನ ಖಾನೆಯಲ್ಲಿ, ಮುದ್ರೆ ಸಮೇತ."

"ಸದ್ಯ! ಇಲ್ದೇ ಇದ್ರೆ ಅಳಿಸಿಬಿಡ್ತಿದ್ರೇನೋ."

ಆ ವರ್ಷದ ಚಳಿಗಾಲದಲ್ಲಿ, ಒಳಗೆ ಕೆಂಡದ ಬಟ್ಟಲಿಟ್ಟ ಮರದ ಪೀಪಾಯಿಯಲ್ಲಿ ಕಾಲಿಳಿಸಿಕೊಂಡು ಪಾಂಗಣ್ಣ ಕುಳಿತಿದ್ದ ಹೊತ್ತಿಗೆ ಕೆ ಲಾನ್‌ಶಿಯಾಂಗ್ ಬಂದಳು. ಅವಳನ್ನು ಬಾಗಿಲಲ್ಲಿ ಕಾಣುವ ಮೊದಲು ಓಣಿಯ ತಿರುವಿನಲ್ಲೇ ಕೇಳಬಹುದಿತ್ತು. ಚಹಾ ಕೊಯ್ಯುವವರ ಆಟ ಎಂದು ನಮ್ಮ ಗುಡ್ಡಗಾಡಿನಲ್ಲಿ ಹಾಡಿ ಕುಣಿಯುವ ಆಟವೊಂದಿದೆ. ಅದರಲ್ಲಿ ಸ್ತ್ರೀಪಾತ್ರ ಹಾಡಿ ಹಾಡಿ ಮೈದಾನಕ್ಕೆ ಪಳಗಿದ ಗಂಟಲು ಅವಳದು, ನಾಲ್ಕು ಗೋಡೆಗಳ ಅಳತೆಗೆ ತಗ್ಗುತ್ತಲೇ ಇರಲಿಲ್ಲ. ಕೈಯಲ್ಲಿ ಒಂದು ಜಾಲರಿ ಚೀಲದ ತುಂಬ ಸಣ್ಣ ಕಿತ್ತಳೆ.

ಪಾಂಗಣ್ಣ ಚೀಲವನ್ನು ತೂಗಿ ನೋಡಿದರು. "ಏನಾಗಬೇಕಿತ್ತು?"

"ನೋಡು ಸುಫೆನ್, ಬಾ ಅನ್ಲಿಲ್ಲ, ಕೂತ್ಕೋ ಅನ್ಲಿಲ್ಲ! ನಮ್ಮನೆ ಮರದ ಹಣ್ಣು ಕಣಣ್ಣ, ಸುಮ್ನೆ ತಂದೆ."

"ಸುಮ್ನೆ ಯಾರೂ ತರಲ್ಲ."

ಅವಳು ನಕ್ಕಳು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಯಾಕೆಂದರೆ ಅವಳು ಸುಮ್ಮನೆ ಬಂದಿರಲಿಲ್ಲ. ತಾಲ್ಲೂಕಿನ ಸಂಸ್ಕೃತಿ ಕಚೇರಿ ಚಹಾ ಕೊಯ್ಯುವವರ ಆಟಕ್ಕೆ ಒಬ್ಬರನ್ನು ವಾರಸುದಾರರೆಂದು ಹೆಸರಿಸಲಿತ್ತು. ಹೆಸರು ಯಾರದೋ, ಹೊಳೆದಂಡೆಯ ಹಳೆಯ ಆಟದ ಚಾವಡಿಯೂ ಅವರದೇ. ಲಾನ್‌ಶಿಯಾಂಗ್ ಆ ಚಾವಡಿಯಲ್ಲಿ ಬೆಳಗಿನ ಹೊತ್ತು ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು, ಯಾರ ಅಪ್ಪಣೆಯೂ ಇಲ್ಲದೆ, ಯಾರ ಅಡ್ಡಿಯೂ ಇಲ್ಲದೆ. ಈಗ ಅರ್ಜಿ ಹಾಕಿದ್ದ ಇನ್ನೊಬ್ಬಳು ನಿಂಗ್ ಯಾಚಿ. ಹರೆಯದವಳು, ಚೆಲುವೆ, ಧ್ವನಿಮುದ್ರಿಕೆಗೆ ತುಟಿ ಆಡಿಸುತ್ತ ಬಣ್ಣದ ದೀಪಗಳ ಕೆಳಗೆ ಕುಣಿಯುವವಳು. ಅವಳ ಗಂಡ ಗುವಾನ್‌ಗೆ ಜಾಹೀರಾತಿನ ವ್ಯಾಪಾರ. ಕೋಶದಲ್ಲಿ ನಿಂಗ್ ಯಾಚಿಯ ಹೆಸರಿನಲ್ಲಿ ಒಂದು ಉದ್ದನೆಯ ಪುಟ ಎದ್ದಿತ್ತು. ಗತಿಸಿದ ಮಾ ಗುರುಗಳ ಏಕೈಕ ಶಿಷ್ಯೆ, ಎಂದಿತ್ತು ಅದರಲ್ಲಿ. ಕಚೇರಿಯವರು ಆ ಪುಟವನ್ನೇ ಅಚ್ಚು ಹಾಕಿ ಕಡತಕ್ಕೆ ಸೇರಿಸಿಕೊಂಡಿದ್ದರು.

"ಏಕೈಕ ಅಂತೆ! ಗುರುಗಳು ತೀರಿಕೊಂಡಾಗ ಆ ಹುಡುಗಿಗೆ ಹಾಲುಹಲ್ಲು ಉದುರಿರಲಿಲ್ಲ. ನೀನು ಕೋಶದಲ್ಲಿ ದೊಡ್ಡೋನಂತಲ್ಲ. ನನ್ ಹೆಸರೂ ಬರಿ. ಹೆಚ್ಗೆ ಬೇಡ, ಮಾ ಗುರುಗಳ ಶಿಷ್ಯೆ ಅಂತ ಒಂದೇ ಸಾಲು."

"ಇರಬಹುದು" ಎಂದರು ಪಾಂಗಣ್ಣ. "ಎಲ್ಲಿದೆ?"

ಅವಳ ಬಳಿ ಏನೂ ಇರಲಿಲ್ಲ. ಮಾ ಗುರುಗಳಿಗೆ ಅಕ್ಷರ ಬರುತ್ತಿರಲಿಲ್ಲ. ಆಟದ ಚೀಟಿಗಳನ್ನು ಯಾರೂ ಕಾದಿಡಲಿಲ್ಲ. ಇದ್ದ ಫೋಟೋಗಳು ಹೊಳೆ ಉಕ್ಕಿದ ವರ್ಷ ಕೆಸರಾದವು.

"ಎಲ್ಲಿದೆ ಅಂದ್ರೆ? ಪಾಂಗಣ್ಣ, ನೀನೇ ಇದ್ದೆಯಲ್ಲೋ!"

ಇದ್ದರು. ಊರಿಗೆಲ್ಲ ಗೊತ್ತಿಲ್ಲದಿದ್ದರೂ ಅಲ್ಲಿದ್ದ ಆ ಮೂವರಿಗೂ ಗೊತ್ತಿದ್ದ ಸಂಗತಿ ಅದು. ಪಾಂಗಣ್ಣ ಆಗ ಇಲಾಖೆಗೆ ಹೊಸಬರು. ಒಣಮೆಣಸು ಮಾರುತ್ತಿದ್ದ ಮಾ ಗುರುಗಳ ಹೆಂಡತಿಯ ತಕ್ಕಡಿ ಮೋಸದ್ದೆಂಬ ದೂರಿನ ಮೇಲೆ ಅವರ ಮನೆಗೆ ಹೋದರೆ, ಅಂಗಳದಲ್ಲಿ ಚಾಪೆ ಹಾಸಿತ್ತು, ಹದಿಹರೆಯದ ಲಾನ್‌ಶಿಯಾಂಗ್ ಎರಡು ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಮೊಣಕಾಲೂರಿದ್ದಳು. ಶಿಷ್ಯೆ ಮಂಡಿಯೂರಿ ಚಹಾ ಕೊಡಬೇಕು, ಗುರು ಅದನ್ನು ಕುಡಿಯಬೇಕು, ಹೊರಗಿನವನೊಬ್ಬ ಸಾಕ್ಷಿಯಾಗಿ ನಿಂತು ನೋಡಬೇಕು. ಆಗಲೇ ಅದು ದೀಕ್ಷೆ. ಸಾಕ್ಷಿಯಾಗಿ ಬರಬೇಕಿದ್ದವನು ಬಂದಿರಲಿಲ್ಲ. "ಬಾರಯ್ಯ ಸರಕಾರ, ಇಲ್ಲಿ ನಿಂತ್ಕೋ" ಎಂದು ಮಾ ಗುರುಗಳು ಇವರನ್ನೇ ಕರೆದು ನಿಲ್ಲಿಸಿದರು. ಪಾಂಗಣ್ಣ ನಿಂತರು. ಗುರುಗಳು ಚಹಾ ಕುಡಿದು ಬಟ್ಟಲನ್ನು ಮಗುಚಿ ತೋರಿಸುವವರೆಗೂ ನಿಂತು, ಆಮೇಲೆ ಗುರುಪತ್ನಿಯ ತಕ್ಕಡಿಯನ್ನು ಜಪ್ತಿ ಮಾಡಿ ಹೆಗಲ ಮೇಲೆ ಹೊತ್ತುಕೊಂಡು ನಡೆದರು.

"ನನ್ ದೀಕ್ಷೆ ದಿನ ತಕ್ಕಡಿ ಹೊತ್ಕೊಂಡು ಹೋದ ಪುಣ್ಯಾತ್ಮ ನೀನು. ನೀನಿದ್ದೆ ಅಂತ ನೀನೇ ಬರಿಯೋಕಾಗಲ್ವಾ?"

"ನಾನಿದ್ದೆ. ಆದ್ರೆ ನಾನು ಆಧಾರ ಅಲ್ಲ. ಕೋಶದ ನಿಯಮ. ಕಣ್ಣಾರೆ ಕಂಡಿದ್ದು ನಡೆಯಲ್ಲ, ಅಚ್ಚಾಗಿರಬೇಕು."

ಲಾನ್‌ಶಿಯಾಂಗ್ ಅವರನ್ನೇ ನೋಡಿದಳು. ಅವಳ ಧ್ವನಿ ಮೊದಲ ಸಲ ಕೋಣೆಯ ಅಳತೆಗೆ ಇಳಿಯಿತು.

"ನೀನು ಆಧಾರ ಅಲ್ದೇ ಇದ್ರೆ ಮತ್ತೇನು ಪಾಂಗಣ್ಣ? ಬರೀ ಆ ನೀಲಿ ಕೋಟೇನಾ?"

ಕಿತ್ತಳೆ ಚೀಲವನ್ನು ಬಿಟ್ಟು ಅವಳು ಹೋದಳು. ಪಾಂಗಣ್ಣ ಅದನ್ನು ಅವಳ ಮನೆಬಾಗಿಲಿಗೆ ಕಳುಹಿಸಬೇಕೆಂದರು. ಸುಫೆನ್ ಅತ್ತೆ ಒಂದು ಹಣ್ಣನ್ನು ಸುಲಿದು, ಅವರ ಮುಂದೆಯೇ, ಒಂದೊಂದೇ ತೊಳೆಯಾಗಿ ತಿಂದು ಮುಗಿಸಿದಳು.

ಅಂದಿನಿಂದ ಪಾಂಗಣ್ಣ ನಿಂಗ್ ಯಾಚಿಯ ಪುಟವನ್ನು ಹಿಡಿದು ಕುಳಿತರು. 'ಏಕೈಕ ಶಿಷ್ಯೆ' ಎಂಬ ಮಾತಿಗೆ ಅಲ್ಲಿ ಆಧಾರವಿತ್ತು, ಪ್ರಾಂತದ ರಾಜಧಾನಿಯ ಯಾವುದೋ ಸುದ್ದಿತಾಣದ ಲೇಖನ. ಲೇಖನವನ್ನು ಅವರು ತೆರೆದರು, ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮಾ ಗುರುಗಳ ಹಳ್ಳಿ ಹೊಳೆಯ ಪೂರ್ವದ ದಂಡೆಯಲ್ಲಿದೆ ಎಂದು ಕೋಶದ ಪುಟದಲ್ಲಿ ತಪ್ಪಾಗಿತ್ತು. ಲೇಖನದಲ್ಲೂ ಅದೇ ತಪ್ಪು, ಅದೇ ಪದಗಳಲ್ಲಿ. ಲೇಖನ ಹುಟ್ಟಿದ್ದು ಪುಟ ಹುಟ್ಟಿದ ಮೇಲೆ. ಪುಟವನ್ನು ನೋಡಿ ಲೇಖನ ಬರೆಸಿದ್ದಾರೆ, ಲೇಖನವನ್ನು ತೋರಿಸಿ ಪುಟವನ್ನು ನಿಲ್ಲಿಸಿದ್ದಾರೆ. ಓತಿಕೇತನಿಗೆ ಬೇಲಿಗೂಟ ಸಾಕ್ಷಿ. ಬೇಲಿಗೂಟಕ್ಕೆ ಓತಿಕೇತನೇ ಸಾಕ್ಷಿ.

ಅವರು ಆ ಸಾಲನ್ನು ಅಳಿಸಿದರು. ಅದು ಮರಳಿ ಬಂತು. ಮತ್ತೆ ಅಳಿಸಿ, ಕಾರಣವನ್ನು ವಿವರವಾಗಿ ಬರೆದರು. ಪರಿಶೀಲಕರಿಂದ ವಿನಯಪೂರ್ವಕವಾದ ಉತ್ತರ ಬಂತು: ಮಾನ್ಯ ಬಳಕೆದಾರರೇ, ಆಧಾರವಿರುವ ಮಾಹಿತಿಯನ್ನು ಆಧಾರವಿಲ್ಲದೆ ಅಳಿಸಲಾಗದು. ಬಿಸಿನೀರಿನ ಫ್ಲಾಸ್ಕ್ ತೆಗೆದುಕೊಳ್ಳಲು ನಾನು ಕೆಳಗಿಳಿದಾಗ ಅವರು ಉತ್ತರದ ಪೆಟ್ಟಿಗೆಯಲ್ಲಿ 'ನಾನು ಅಲ್ಲಿದ್ದೆ' ಎಂದು ಹೊಡೆದಿದ್ದರು. ನಾನು ಫ್ಲಾಸ್ಕ್ ತುಂಬಿಸಿಕೊಂಡು ತಿರುಗುವಷ್ಟರಲ್ಲಿ ಒಂದೊಂದೇ ಅಕ್ಷರವನ್ನು ಹಿಂದಿನಿಂದ ಅಳಿಸುತ್ತಿದ್ದರು.

ಪುಟದ ಆ ಸಾಲನ್ನು ಅಳಿಸಿದ ವಿಷಯ ಗುವಾನ್‌ಗೆ ಹೇಗೆ ಮುಟ್ಟಿತೋ, ಹದಿನಾರು ಚುಕ್ಕಿ ಯಾರೆಂದು ಅವನಿಗೆ ಹೇಗೆ ತಿಳಿಯಿತೋ, ಕಾಣೆ. ಶಾವಿಗೆಯ ಅಂಗಡಿಯವನೇ ಹೇಳಿದನೆಂದು ಪಾಂಗಣ್ಣನ ಗುಮಾನಿ. ಒಂದು ಬೆಳಿಗ್ಗೆ ಗುವಾನ್ ಒಳ್ಳೆಯ ಬೂಟು ಹಾಕಿಕೊಂಡು ಬಂದು, ಬಾಗಿಲಲ್ಲೇ ಸಿಗರೇಟಿನ ಪೊಟ್ಟಣ ಮುಂದೆ ಚಾಚಿ, "ಅಣ್ಣ, ನಮ್ಮ ನಮ್ಮೊಳಗೆ ಯಾಕೆ ಜಗಳ?" ಎಂದ.

"ನಮ್ಮ ನಮ್ಮೊಳಗೆ ಅಂದ್ರೆ ಯಾರು?"

"ನೀವೂ ಬರೆಯೋರು, ನಾನೂ ಬರೆಸೋನು. ಲಾನ್‌ಶಿಯಾಂಗ್ ಅಕ್ಕನ ಬಗ್ಗೆ ನಮಗೂ ಗೌರವ ಇದೆ. ಅವರಿಗೂ ಒಂದು ಪುಟ ಮಾಡಿಸಿಕೊಡ್ತೀನಿ. ಮಾ ಗುರುಗಳು ಬೇಡ, ಆ ಜಾಗ ಭರ್ತಿಯಾಗಿದೆ. ಬೆಟ್ಟದಾಚೆ ಒಬ್ಬ ಫೂ ಗುರುಗಳಿದ್ರು, ಅವರ ಶಿಷ್ಯೆ ಅಂತ ಹಾಕೋಣ. ಚೆನ್ನಾಗಿರುತ್ತೆ."

"ಅವಳು ಫೂ ಗುರುಗಳನ್ನ ನೋಡೇ ಇಲ್ಲ."

"ಇರಬಹುದು" ಎಂದು ಗುವಾನ್ ನಕ್ಕ. ಅದು ಅಣಕವಾಗಿತ್ತೋ ಇಲ್ಲವೋ, ತಿಳಿಯದು. "ಲೇಖನ ಬರೆಸ್ತೀನಲ್ಲ ಅಣ್ಣ. ಆಧಾರ ಸಮೇತ. ನೀವೇ ಪರೀಕ್ಷೆ ಮಾಡಿದ್ರೂ ಪಾಸಾಗುತ್ತೆ."

ಅವನು ಹೋದ ಮೇಲೆ ಪಾಂಗಣ್ಣ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಊರಿನ ಸುಳ್ಳು ತಕ್ಕಡಿಗಳನ್ನೆಲ್ಲ ಅವರು ಕಂಡಿದ್ದರು. ತಟ್ಟೆಯ ಅಡಿಗೆ ಅಂಟಿಸಿದ ಮೇಣ, ಟೊಳ್ಳು ಮಾಡಿದ ತೂಕದ ಕಲ್ಲು, ದಂಡಿಗೆಯೊಳಗೆ ಹರಿದಾಡುವ ಪಾದರಸ. ಆದರೆ ತೂಕದ ಕಲ್ಲುಗಳ ಮೇಲೆ ಒತ್ತುವ ಸರಕಾರಿ ಮುದ್ರೆಯನ್ನೇ ಯಾರಾದರೂ ಮನೆಯಲ್ಲಿ ತಯಾರಿಸತೊಡಗಿದರೆ ಇನ್‌ಸ್ಪೆಕ್ಟರನ ಕೈಯಲ್ಲಿ ಏನು ಉಳಿಯುತ್ತದೆ? ನೀವೇ ಪರೀಕ್ಷೆ ಮಾಡಿದರೂ ಪಾಸಾಗುತ್ತದೆ ಎಂದಿದ್ದ ಅವನು. ಆ ಮಾತು ನಿಜವಾಗಿತ್ತು. ಲಾನ್‌ಶಿಯಾಂಗಳ ನಿಜ ತಮ್ಮ ಬಾಗಿಲಿಂದ ಬರಿಗೈಯಲ್ಲಿ ಹಿಂದಿರುಗಿತ್ತು. ಗುವಾನನ ಸುಳ್ಳು ಬೂಟು ಹಾಕಿಕೊಂಡು ಒಳಗೆ ಬರಬಹುದಿತ್ತು.

ಸಂಸ್ಕೃತಿ ಕಚೇರಿಯ ಸಭೆ ನಡೆದದ್ದು ಆಟದ ಚಾವಡಿಯಲ್ಲೇ. ವೇದಿಕೆಯ ಮೇಲೆ ಅಧಿಕಾರಿಗಳು ಮುಚ್ಚಳದ ಲೋಟಗಳಲ್ಲಿ ಚಹಾ ಇಟ್ಟುಕೊಂಡು ಕುಳಿತಿದ್ದರು. ಕೆಳಗೆ ಅರ್ಧ ಊರು, ಸೂರ್ಯಕಾಂತಿ ಬೀಜ ಒಡೆಯುತ್ತ. ನಿಂಗ್ ಯಾಚಿಯ ಪುಟವನ್ನು ಗಟ್ಟಿಯಾಗಿ ಓದಲಾಯಿತು. ಆಕ್ಷೇಪವಿದ್ದವರು ಹೇಳಬಹುದೆಂದು ಅಧಿಕಾರಿ ಔಪಚಾರಿಕವಾಗಿ ಕೇಳಿ, ಮುಂದಿನ ಹಾಳೆಗೆ ಕೈ ಹಾಕಿದ್ದರು. ಆಗ ಹಿಂದಿನ ಸಾಲಿನಲ್ಲಿ ನೀಲಿ ಕೋಟೊಂದು ಎದ್ದಿತು.

"ಕೆ ಲಾನ್‌ಶಿಯಾಂಗ್ ಮಾ ಗುರುಗಳ ಶಿಷ್ಯೆ. ದೀಕ್ಷೆ ಆಗಿದೆ" ಎಂದರು ಪಾಂಗಣ್ಣ.

ಗುವಾನ್ ಕುರ್ಚಿಯಲ್ಲೇ ತಿರುಗಿದ. ಇಡೀ ಊರು ಏನನ್ನು ನಿರೀಕ್ಷಿಸುತ್ತಿತ್ತೋ ಅದನ್ನೇ, ಮೂಗಿನಿಂದ, ಎಳೆದು ಹೇಳಿದ: "ಇರಬಹುದು ಪಾಂಗಣ್ಣ... ಎಲ್ಲಿದೆ?"

ಚಾವಡಿ ಬಿದ್ದು ಬಿದ್ದು ನಕ್ಕಿತು. ಶಾವಿಗೆಯ ಅಂಗಡಿಯವನು ತೊಡೆ ತಟ್ಟಿಕೊಂಡ. ವೇದಿಕೆಯ ಮೇಲೂ ಒಬ್ಬರು ಲೋಟದ ಮುಚ್ಚಳ ಎತ್ತಿ ಮುಖ ಮರೆಸಿಕೊಂಡರು. ನಗು ಮುಗಿಯುವವರೆಗೆ ಪಾಂಗಣ್ಣ ನಿಂತೇ ಇದ್ದರು. ಅವರ ಬಲ ಅಂಗೈ ಗಾಳಿಯಲ್ಲಿ, ಬರಿದಾಗಿ, ಸಣ್ಣಗೆ ಕುಣಿಯುತ್ತಿತ್ತು.

"ಎಲ್ಲೂ ಇಲ್ಲ" ಎಂದರು. "ಕಾಗದ ಇಲ್ಲ, ಫೋಟೋ ಇಲ್ಲ. ನಾನಿದ್ದೆ. ಅವಳು ಚಹಾ ಕೊಟ್ಟಳು, ಗುರುಗಳು ಕುಡಿದು ಬಟ್ಟಲು ಮಗುಚಿದ್ರು. ಸಾಕ್ಷಿ ನಾನೇ. ಅಷ್ಟೇ ಇರೋದು."

ಹೇಳಿ ಕುಳಿತರು.

ಈ ಮನುಷ್ಯ ತನ್ನ ಜೀವಮಾನದಲ್ಲಿ ಕಾಗದವಿಲ್ಲದೆ ಒಂದು ಮಾತನ್ನಾದರೂ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಮೊಮ್ಮಗಳ ತೂಕಕ್ಕೆ ಚೀಟಿ ಕೇಳಿಸಿಕೊಂಡ ಅಜ್ಜಿ, ದಂಟು ಮಾರುವವಳು, ಮುನ್ನೂರು ವರ್ಷ ಕಳೆದುಕೊಂಡ ಅಂಗಡಿಯವನು, ಎಲ್ಲರೂ ಅಲ್ಲಿದ್ದರು. ಇವರಲ್ಲಿ ಒಬ್ಬರಿಗೂ ಪಾಂಗಣ್ಣನ ಮೇಲೆ ಪ್ರೀತಿಯಿರಲಿಲ್ಲ. ಆದರೆ ಅವರ ಕೈಯಲ್ಲಿ ಕಡಿಮೆ ತೂಗಿಸಿಕೊಂಡವರು ಒಬ್ಬರೂ ಇರಲಿಲ್ಲ.

ಮೊದಲು ಬಾಯಿಬಿಟ್ಟವನು ಶಾವಿಗೆಯವನೇ. "ಹಂಗಾದ್ರೆ ಇದ್ದಿರ್ಬೇಕು ಬಿಡಿ" ಎಂದ, ತನ್ನಷ್ಟಕ್ಕೆ ಹೇಳಿಕೊಂಡಂತೆ. "ನಮಗೆಲ್ಲ ಬೆಂಕಿ ಇದ್ದಲ್ಲೂ ಹೊಗೆ ತೋರ್ಸು ಅಂದ ಮನುಷ್ಯ."

ಮೂಲೆಯಲ್ಲಿ ಯಾರೋ, "ಅಲ್ಲ, ಅಕ್ಕನ ಹಿಂದೆ ಪಾಂಗಣ್ಣ ಆ ಕಾಲದಲ್ಲಿ..." ಎಂದು ಶುರುಮಾಡಿದರು. ಸುಫೆನ್ ಅತ್ತೆ ತಿರುಗಿ ನೋಡಿದಳು. ಆ ವಾಕ್ಯ ಅಲ್ಲಿಗೇ ಆಧಾರವಿಲ್ಲದೆ ಬಿತ್ತು.

ಕಚೇರಿಗಳು ಕಚೇರಿಗಳಂತೆಯೇ ತೀರ್ಪು ಕೊಡುತ್ತವೆ. ಇಬ್ಬರನ್ನೂ ವಾರಸುದಾರರೆಂದು ಬರೆದರು. ಚಾವಡಿ ಬೆಳಿಗ್ಗೆ ಲಾನ್‌ಶಿಯಾಂಗಳಿಗೆ, ಸಂಜೆ ನಿಂಗ್ ಯಾಚಿಗೆ. ನಿಂಗ್ ಯಾಚಿಯ ದೀಪಗಳನ್ನು ಪ್ರತಿದಿನ ಬೆಳಿಗ್ಗೆ ಹುಡುಗಿಯರು ಗೋಡೆಗೆ ಸರಿಸಿಟ್ಟು ಚಾಪೆ ಹಾಸುತ್ತಾರೆ. ಸಂಜೆ ಚಾಪೆ ಸುತ್ತಿ ದೀಪ ಎಳೆಯುತ್ತಾರೆ. ಲಾನ್‌ಶಿಯಾಂಗ್ ಗೊಣಗುತ್ತಾಳೆ, ಹಾಡುತ್ತಾಳೆ.

ಆದರೆ ಕೋಶದ ಪುಟದಲ್ಲಿ 'ಏಕೈಕ ಶಿಷ್ಯೆ' ಹಾಗೆಯೇ ಉಳಿದಿತ್ತು. ಸಭೆಯ ವರದಿ ಜಿಲ್ಲಾ ಪತ್ರಿಕೆಯಲ್ಲಿ ಬಂದಿತ್ತು, ಪಾಂಗಣ್ಣನ ಹೆಸರು, ಅವರ ಮಾತು ಎಲ್ಲ ಅಚ್ಚಾಗಿ. ಈಗ ಆಧಾರವಿದೆಯಲ್ಲ, ನೀವೇ ಒಂದು ಸಾಲು ಸೇರಿಸಬಹುದಲ್ಲ ಎಂದು ನಾನು ಕೇಳಿದೆ. ಅವರು ನನ್ನನ್ನು ಖೋಟಾ ನಾಣ್ಯದಂತೆ ನೋಡಿದರು.

"ನಾನು ಹೇಳಿದ್ದನ್ನ ಪೇಪರ್‌ನೋರು ಬರೆದ್ರು. ಅದನ್ನ ನಾನೇ ತಗೊಂಡು ಹೋಗಿ ಆಧಾರ ಅಂತ ಇಟ್ರೆ, ಗುವಾನ್‌ಗೂ ನನಗೂ ಏನಮ್ಮ ವ್ಯತ್ಯಾಸ? ಇಲಾಖೇಲಿ ಒಂದು ರೂಢಿ ಇತ್ತು. ನಾನು ಸಾಮಾನು ತಗೊಳ್ಳೋ ಅಂಗಡಿ ತಕ್ಕಡೀನ ನಾನು ಪರೀಕ್ಷೆ ಮಾಡ್ತಿರಲಿಲ್ಲ, ಬೇರೆಯೋರು ಮಾಡ್ತಿದ್ರು. ಸಾಕ್ಷಿ ಹೇಳಿದೋನು ತಕ್ಕಡಿ ಹಿಡೀಬಾರದು."

ಹೀಗೆ ಹದಿನಾರು ಚುಕ್ಕಿ ಆ ಪುಟವನ್ನು ಮುಟ್ಟಲಿಲ್ಲ. ಆದರೆ ಪ್ರತಿದಿನ ತೆರೆದು ನೋಡುತ್ತಿದ್ದರು. ವಸಂತದ ಹಬ್ಬದ ಪಟಾಕಿ ಕಾಗದಗಳು ಓಣಿಯಲ್ಲಿ ಇನ್ನೂ ಕೆಂಪಗೆ ಬಿದ್ದಿದ್ದಾಗ ಒಂದು ಬೆಳಿಗ್ಗೆ ಕೆಳಗಿನಿಂದ ವಿಚಿತ್ರವಾದ ಸದ್ದು ಕೇಳಿಸಿತು. ಇಳಿದು ಹೋದೆ. ಪಾಂಗಣ್ಣ ನಗುತ್ತಿದ್ದರು. ಅವರ ನಗುವನ್ನು ಆ ಮೊದಲು ನಾನು ಕೇಳಿರಲಿಲ್ಲ. ಎಣ್ಣೆ ಕಾಣದ ಬಾಗಿಲಿನ ಹಾಗಿತ್ತು.

ಪುಟದಲ್ಲಿ 'ಏಕೈಕ' ಹೋಗಿತ್ತು. ಪ್ರತ್ಯಕ್ಷದರ್ಶಿಯ ಹೇಳಿಕೆಯ ಪ್ರಕಾರ ಕೆ ಲಾನ್‌ಶಿಯಾಂಗ್ ಸಹ ಮಾ ಗುರುಗಳಿಂದ ದೀಕ್ಷೆ ಪಡೆದಿದ್ದರು, ಎಂಬ ಸಾಲು ಬಂದಿತ್ತು, ಜಿಲ್ಲಾ ಪತ್ರಿಕೆಯ ಉಲ್ಲೇಖದೊಂದಿಗೆ. ಸ್ತುತಿಯಿಲ್ಲ, ವಿಶೇಷಣವಿಲ್ಲ. ಸೇರಿಸಿದವನು ಒಂಟಿ ಕೊಕ್ಕರೆ. ಹದಿನಾರು ಚುಕ್ಕಿ ಯಾರೆಂದು ಅವನಿಗೆ ತಿಳಿದಿರಲಾರದು. ಸಾಲಿನ ಕೊನೆಗೆ, ತನ್ನ ಅಭ್ಯಾಸದಂತೆ, ಅವನು ಒಂದು ಚೀಟಿ ಅಂಟಿಸಿದ್ದ: ಒಬ್ಬನೇ ಸಾಕ್ಷಿ, ಇನ್ನೊಂದು ಆಧಾರ ಬೇಕು.

"ನೋಡು, ನೋಡು! ನನ್ ಮಾತನ್ನೂ ನಂಬಿಲ್ಲ ಬಡ್ಡೀಮಗ!" ಎಂದರು ಪಾಂಗಣ್ಣ. ಪರದೆಯ ಮುಂದೆ ಅಂಗೈ ಚಾಚಿ, ಆ ಸಾಲನ್ನು ಅಲ್ಲಿಂದಲೇ ಎತ್ತಿದವರಂತೆ, ಮೆಲ್ಲಗೆ ಎರಡು ಸಲ ಕುಣಿಸಿದರು. "ಸರಿಯಾಗಿದೆ ತೂಕ."

ದುಡ್ಡು ತಗೊಂಡವನು ಎಂಬ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಅವನ ಬಗ್ಗೆ ಅನುಮಾನ ಹೋಯಿತೆಂದು ಹೇಳಲಾರೆ. 'ಇರಬಹುದು' ಎನ್ನುವ ಮಟ್ಟಕ್ಕೆ ಬಂದಿತ್ತು. ಲಾನ್‌ಶಿಯಾಂಗ್ ಮತ್ತೆ ಕಿತ್ತಳೆ ತಂದಳು. ಅದನ್ನೂ ತೂಗಿಯೇ ತೆಗೆದುಕೊಂಡರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಚಹಾ ಕುಡಿಯುವುದು ಕಷ್ಟ, ಅವರ ಪಕ್ಕದ ಮನೆಯಲ್ಲಿ ಬಾಳುವುದು ಇನ್ನೂ ಕಷ್ಟ. ನಮ್ಮ ಸಂತೋಷಗಳಿಗೆಲ್ಲ ಅವರು ಚೀಟಿ ಕೇಳುತ್ತಾರೆ, ನಮ್ಮ ಹಿರಿಯರ ವಯಸ್ಸನ್ನು ಕಡಿತ ಮಾಡುತ್ತಾರೆ. ಅವರಿಗೆ ಹೃದಯವಿಲ್ಲವೆಂದು ನಾವು ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ, ಇನ್ನೊಂದು ದಂಟನ್ನು ಮೇಲೆ ಹಾಕಿ ಅವರನ್ನು ಬೇಗ ಸಾಗಹಾಕುತ್ತೇವೆ. ಮಾತು ಮಾರಾಟಕ್ಕಿರುವ ಕಾಲದಲ್ಲಿ ಅವರು ಮಾತನ್ನು ಕೊಳ್ಳುವುದೂ ಇಲ್ಲ, ಕೊಡುವುದೂ ಇಲ್ಲ, ಕೂಡಿಡುತ್ತಾರೆ. ಯಾವಾಗಲೋ ಒಮ್ಮೆ, ಊರೆಲ್ಲ ನಗುತ್ತಿರುವಾಗ, ಹಿಂದಿನ ಸಾಲಿನಿಂದ ಎದ್ದು, 'ನಾನಿದ್ದೆ' ಎಂದು ಅದಷ್ಟನ್ನೂ ಒಟ್ಟಿಗೆ ತಟ್ಟೆಗೆ ಸುರಿದು ಕುಳಿತುಬಿಡುತ್ತಾರೆ. ಆಗ ಮುಳ್ಳು ಯಾವ ಕಡೆಗೆ ವಾಲಿತೆಂದು ನೋಡಲು ನಾವೆಲ್ಲ ಉಸಿರು ಹಿಡಿಯುತ್ತೇವೆ. ಅವರು ಮಾತ್ರ ಅತ್ತ ನೋಡುವುದಿಲ್ಲ; ತಮ್ಮ ಕೈ ಅಕಸ್ಮಾತ್ತಾಗಿ ತಟ್ಟೆಗೆ ತಾಗಿತೋ ಏನೋ ಎಂದು, ಮನೆ ಮುಟ್ಟುವವರೆಗೂ, ತಮ್ಮನ್ನೇ ಅನುಮಾನಿಸುತ್ತ ನಡೆದುಹೋಗುತ್ತಾರೆ.